ಕೊಬ್ಬರಿ ಎಣ್ಣೆ ಮತ್ತು ಹತ್ತನೇ ತರಗತಿಯ ರಸಾಯನಶಾಸ್ತ್ರ

ಒಮ್ಮೆ ಕಲಿಸಿದ್ದನ್ನು ಉಪಾಧ್ಯಾಯನಾದವನು ಕೊನೆಯುಸಿರಿನವರೆಗೂ ಮರೆಯುವುದಿಲ್ಲ ಎಂಬುದು ನಮ್ಮ ವೃತ್ತಿಯ ಬುನಾದಿ. ಈ ಬುನಾದಿಯ ಮೇಲೆ ನಿಂತು ನಾನು ಹಲವು ಸಮಾರಂಭಗಳಲ್ಲಿ ಮಾತಾಡಿದ್ದೇನೆ, ಶಾಲು ಹೊದೆಸಿಕೊಂಡಿದ್ದೇನೆ. ನಿವೃತ್ತಿಯಾದ ನಾಲ್ಕನೇ ವರ್ಷದ ಜನವರಿಯಲ್ಲಿ, ಲೋಹಗಳ ಕ್ರಿಯಾಶೀಲತೆಯ ಸರಣಿಯಲ್ಲಿ ಸೀಸ ಮೇಲೋ ತಾಮ್ರ ಮೇಲೋ ಎಂದು ನೋಡಿಕೊಳ್ಳಲು, ಬಚ್ಚಲಿಗೆ ಹೋಗುವ ನೆಪ ಹೇಳಿ ಪಠ್ಯಪುಸ್ತಕವನ್ನು ಟವಲಿನೊಳಗೆ ಸುತ್ತಿಕೊಂಡು ಹೋದೆ.

ಹೊರಗೆ ಅಂಗಳದಲ್ಲಿ ಚಿಪ್ಪಿನ ರಾಶಿಯ ಪಕ್ಕ ನೋಟುಪುಸ್ತಕ ಹಿಡಿದು ನನ್ನ ಉತ್ತರಕ್ಕೆ ಕಾಯುತ್ತಿದ್ದವಳು ಮೂವತ್ತೈದು ವರ್ಷದ ಹೆಂಗಸು, ನನ್ನ ಹಳೆಯ ವಿದ್ಯಾರ್ಥಿನಿ. ಹಳೆಯ ವಿದ್ಯಾರ್ಥಿ ಎಂಬ ಪದವನ್ನು ಮೇಷ್ಟ್ರುಗಳು ಸಾಧಾರಣವಾಗಿ ಡಾಕ್ಟರು, ತಹಶೀಲ್ದಾರರಿಗೆ ಮೀಸಲಿಟ್ಟಿರುತ್ತೇವೆ. ಇವಳು ಹತ್ತೊಂಬತ್ತು ವರ್ಷದ ಹಿಂದೆ ನನ್ನ ವಿಷಯದಲ್ಲಿ ಫೇಲಾದವಳು. ಮಿಕ್ಕ ಐದರಲ್ಲೂ ಪಾಸಾಗಿದ್ದಳು, ವಿಜ್ಞಾನ ಒಂದು ಉಳಿದಿತ್ತು. ಆಮೇಲೆ ಮದುವೆಯಾಗಿ ನಮ್ಮೂರಿನಲ್ಲೇ ನಿಂತಳು. ವರ್ಷಕ್ಕೊಮ್ಮೆ ನಮ್ಮ ಅಟ್ಟದ ಕಾಯಿ ಇಳಿಸುವಾಗ ಕೊಬ್ಬರಿ ಬಿಡಿಸಲು ನಾಲ್ಕು ಹೆಂಗಸರ ಜೊತೆ ಬರುತ್ತಾಳೆ.

ನಮ್ಮೂರು ತುರುವೇಕೆರೆ ತಾಲ್ಲೂಕಿನಲ್ಲಿ, ದಬ್ಬೇಘಟ್ಟದ ಬಸ್ಸು ಇಳಿದು ತೋಟಗಳ ನಡುವೆ ಒಂದು ಮೈಲಿ ನಡೆಯುವಷ್ಟು ದೂರ. ಇಲ್ಲಿ ಕಾಯಿಯನ್ನು ಹಸಿಯಾಗಿ ಮಾರುವುದಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡುತ್ತೇವೆ. ಒಳಗಿನ ನೀರು ತಾನಾಗಿ ಆರಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೆ ಗೊಟಗೊಟ ಅನ್ನುತ್ತದೆ. ಆಗ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಉಂಡೆಯನ್ನು ಮುಕ್ಕಾಗದಂತೆ ತೆಗೆಯಬೇಕು. ಈ ಹೆಂಗಸು ಪ್ರತಿ ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. "ಆಗೈತೆ" ಅಂದರೆ ಆಗಿದೆ. "ಇನ್ನೂ ನೀರೈತೆ, ವಾಪಸ್ ಮ್ಯಾಕೆ ಹಾಕ್ರಿ" ಅಂದರೆ ಹಾಕಬೇಕು. ಅಲ್ಲಾಡಿಸಿ ನೋಡದೆ ಅವಳು ಯಾವುದನ್ನೂ ಒಪ್ಪಿಕೊಂಡವಳಲ್ಲ. ಈ ಗುಣ ಕೊಬ್ಬರಿಗೆ ಒಳ್ಳೆಯದು. ರಸಾಯನಶಾಸ್ತ್ರಕ್ಕೂ ಒಳ್ಳೆಯದೇ ಎಂದು ನಾನು ನಿವೃತ್ತಿಯ ಭಾಷಣದಲ್ಲೂ ಹೇಳಿದ್ದೆ. ಹಾಗೆ ಯಾರಾದರೂ ಮಾಡಬಹುದು ಎಂದು ಮಾತ್ರ ಎಣಿಸಿರಲಿಲ್ಲ.

ವಿಷಯ ಇಷ್ಟು. ಊರ ಅಂಗನವಾಡಿಯ ಸಹಾಯಕಿ ಆ ವರ್ಷ ನಿವೃತ್ತಿಯಾಗುವವಳಿದ್ದಳು. ಆ ಜಾಗಕ್ಕೆ ಬರುವವರು ಹತ್ತನೇ ತರಗತಿ ಪಾಸಾಗಿರಬೇಕು, ಊರಿನವರೇ ಆಗಿರಬೇಕು. ಎರಡನೆಯದು ಇವಳಿಗೆ ಇತ್ತು. ಮೊದಲನೆಯದಕ್ಕೆ ಮಾರ್ಚಿನ ಪರೀಕ್ಷೆಯಲ್ಲಿ ವಿಜ್ಞಾನ ಒಂದನ್ನು ಬರೆದು ಪಾಸಾದರೆ ಸಾಕಿತ್ತು. ಆಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ. ಅಂಥ ಜಾಗ ಒಂದು ಊರಿನಲ್ಲಿ ಇಪ್ಪತ್ತೈದು ಮೂವತ್ತು ವರ್ಷಕ್ಕೊಮ್ಮೆ ಖಾಲಿಯಾಗುವುದು.

"ಬಯಾಲಜಿ ನಾನೇ ಓದ್ಕೋತೀನಿ ಸಾ," ಅಂದಿದ್ದಳು ಮೊದಲ ದಿನ. "ಫಿಸಿಕ್ಸು ನಮ್ಮ ಮಗಳು ಹೇಳ್ಕೊಡ್ತಾಳೆ. ಕೆಮಿಸ್ಟ್ರಿ ಒಂದು ನೀವು ಒಸಿ ನೋಡ್ರಿ."

"ಒಸಿ ಏನಮ್ಮ, ಪೂರ್ತಿ ನೋಡೋಣ. ಮೂವತ್ತೊಂದು ವರ್ಷ ಹೇಳಿದ್ದೇನೆ."

"ಅದ್ಕೇ ಕೇಳ್ದೆ ಸಾ," ಅಂದಳು. ಆ ಮಾತಿನ ಅರ್ಥವನ್ನು ನಾನು ನನಗೆ ಅನುಕೂಲವಾದಂತೆ ತೆಗೆದುಕೊಂಡೆ.

ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಪಾಠ ಎಂದು ನಿಗದಿಯಾಯಿತು. ಹೊಸ ಪುಸ್ತಕ ತರಿಸಿದೆ. ತೆರೆದ ಕೂಡಲೇ ಮೊದಲ ಆಘಾತ: ಆವರ್ತಕ ಕೋಷ್ಟಕದ ಪಾಠ ಕಾಣಲಿಲ್ಲ. ಹಿಂದಿನಿಂದ ಹುಡುಕಿದೆ, ಮುಂದಿನಿಂದ ಹುಡುಕಿದೆ, ಅಚ್ಚು ಹಾಕುವವರು ಹಾಳೆ ಬಿಟ್ಟಿರಬೇಕು ಎಂದು ಇನ್ನೊಂದು ಪ್ರತಿಯನ್ನೂ ನೋಡಿದೆ. ಈಗ ಅದು ಹತ್ತನೆಯವರಿಗೆ ಇಲ್ಲವಂತೆ. ಮನೆಯ ನಡುಗಂಬ ತೆಗೆದು ಹಾಕಿದ್ದೇವೆ, ಮಿಕ್ಕಿದ್ದೆಲ್ಲ ಹಾಗೇ ಇದೆ, ನೀವು ಒಳಗೆ ಬನ್ನಿ ಅಂದ ಹಾಗಾಯಿತು. ನಾನು ಒಂದು ಲೋಟ ನೀರು ಕುಡಿದೆ. ಅವಳು ಮಾತ್ರ, "ಒಂದು ಪಾಠ ಕಮ್ಮಿ ಆಯ್ತಲ್ಲ ಬುಡಿ ಸಾ," ಎಂದು ಸಮಾಧಾನ ಹೇಳಿದಳು.

ಉಳಿದ ಪಾಠಗಳಲ್ಲಿ ಅವಳು ನನ್ನ ನಿರೀಕ್ಷೆಗಿಂತ ಚುರುಕು. ಸಮೀಕರಣ ಸರಿದೂಗಿಸುವುದನ್ನು ತಕ್ಕಡಿಗೆ ಹೋಲಿಸಿ ತಾನೇ ಕಲಿತಳು. ಸುಣ್ಣದ ಕಲ್ಲು ಕಾಯಿಸಿದರೆ ಏನು ಹೊರಟುಹೋಗುತ್ತದೆ, ಏನು ಉಳಿಯುತ್ತದೆ ಎಂದು ಕೇಳಿದಾಗ, ಅಮ್ಮಸಂದ್ರದ ಸಿಮೆಂಟು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ತನ್ನ ಮಾವನಿಂದ ಕೇಳಿದ್ದನ್ನು ಹೇಳಿ ಉತ್ತರಕ್ಕೆ ಬಂದಳು. ಅರಿಶಿನದ ಕಲೆಗೆ ಸೋಪು ಬಿದ್ದರೆ ಕೆಂಪಾಗುವುದನ್ನು ಆಮ್ಲ ಪ್ರತ್ಯಾಮ್ಲದ ಪಾಠ ಓದುವ ಮೊದಲೇ ಬಲ್ಲವಳಾಗಿದ್ದಳು. ಕೊಬ್ಬು ಮತ್ತು ಎಣ್ಣೆ ಗಾಳಿಗೆ ಉತ್ಕರ್ಷಣಗೊಂಡು ಕೆಡುವ 'ಕಮಟುವಿಕೆ' ಎಂಬ ಭಾಗ ಬಂದಾಗ ನಾನು ಗಂಟಲು ಸರಿಮಾಡಿಕೊಂಡು ಪೀಠಿಕೆ ಹಾಕಿದೆ. ಅವಳು ರಾಶಿಯಿಂದ ಒಂದು ಚೂರು ಎತ್ತಿ ಮೂಸಿ, "ಇದು ಕಮಟು ಹತ್ತೈತೆ, ಮಳೇಲಿ ನೆಂದದ್ದು ಸರ್ಯಾಗಿ ಒಣಗಿಲ್ಲ. ಇದಾ ಸಾ?" ಅಂದಳು. ಪೀಠಿಕೆ ಅಲ್ಲಿಗೆ ನಿಂತಿತು.

ಹೀಗೆ ಹೋಗುತ್ತಾ ಕಾರ್ಬನ್ ಮತ್ತು ಅದರ ಸಂಯುಕ್ತಗಳಿಗೆ ಬಂದೆವು.

ಈ ಪಾಠ ನನ್ನ ಹೆಗ್ಗಳಿಕೆ. ಪರ್ಯಾಪ್ತ, ಅಪರ್ಯಾಪ್ತ ಎಂಬ ಭೇದವನ್ನು ನನ್ನಷ್ಟು ಸರಳವಾಗಿ ಹೇಳುವವರು ತಾಲ್ಲೂಕಿನಲ್ಲಿ ಇಲ್ಲ ಎಂಬ ಮಾತಿತ್ತು. ಮಾತನ್ನು ಹಬ್ಬಿಸಿದವನು ನಾನೇ, ಆದರೂ ಇತ್ತು. ಕಾರ್ಬನ್ನಿನ ಕೈಗಳೆಲ್ಲ ಒಂದೊಂದಾಗಿ ಹಿಡಿದುಕೊಂಡಿದ್ದರೆ ಪರ್ಯಾಪ್ತ. ಎಲ್ಲಾದರೂ ಎರಡು ಕೈ ಸೇರಿ ಹಿಡಿದಿದ್ದರೆ ಅಪರ್ಯಾಪ್ತ, ಒಂದು ಕೈ ಬಿಟ್ಟು ಹೊಸಬರನ್ನು ಸೇರಿಸಿಕೊಳ್ಳಬಲ್ಲದು. ತುಪ್ಪ, ಬೆಣ್ಣೆ, ಪ್ರಾಣಿಜನ್ಯ ಕೊಬ್ಬು ಪರ್ಯಾಪ್ತ, ಗಟ್ಟಿ. ಎಣ್ಣೆ ಅಪರ್ಯಾಪ್ತ, ದ್ರವ. ಪರ್ಮಾಂಗನೇಟಿನ ನೇರಳೆ ದ್ರಾವಣ ಹಾಕಿದರೆ ಎಣ್ಣೆ ಅದರ ಬಣ್ಣವನ್ನು ಕಳೆಯುತ್ತದೆ, ಬೆಣ್ಣೆ ಕಳೆಯುವುದಿಲ್ಲ. ಇಷ್ಟನ್ನು ಹೇಳಿ, ಊರ ಮಕ್ಕಳಿಗೆ ಊರ ಉದಾಹರಣೆಯೇ ಇರಲಿ ಎಂದು ನಾನು ಮೂವತ್ತೊಂದು ವರ್ಷವೂ ಒಂದು ವಾಕ್ಯ ಸೇರಿಸುತ್ತಿದ್ದೆ: "ಉದಾಹರಣೆಗೆ ನಮ್ಮ ಕೊಬ್ಬರಿ ಎಣ್ಣೆ."

ಈ ಸಲವೂ ಸೇರಿಸಿದೆ. ಅವಳು ಬರೆದುಕೊಳ್ಳಲಿಲ್ಲ.

"ಬರ್ಕೊಳಮ್ಮ."

"ಅಲ್ಲ ಸಾ. ಇದ್ನ ಮಾಡಿ ತೋರ್ಸ್ರಿ."

"ಏನು ತೋರಿಸೋದು?"

"ಬಣ್ಣ ಹೋಗೋದು. ನೋಡಿದ್ರೆ ಮರೆಯಲ್ಲ ನಾನು."

ಶಾಲೆಯಲ್ಲಿ ಈ ಪ್ರಯೋಗವನ್ನು ನಾನು ಮಾಡಿ ತೋರಿಸಿದ್ದಿಲ್ಲ. ಕಪ್ಪುಹಲಗೆಯ ಮೇಲೆ ಎರಡು ಪ್ರನಾಳ ಬರೆದು, ಒಂದರಲ್ಲಿ ಬಣ್ಣ ಸೀಮೆಸುಣ್ಣದಿಂದ ತುಂಬಿ, ಇನ್ನೊಂದನ್ನು ಖಾಲಿ ಬಿಡುತ್ತಿದ್ದೆ. ಆ ವಿಧಾನದಲ್ಲಿ ಫಲಿತಾಂಶ ಯಾವತ್ತೂ ತಪ್ಪಿದ್ದಿಲ್ಲ. ಆದರೆ ಪರ್ಮಾಂಗನೇಟು ಮನೆಯಲ್ಲಿತ್ತು, ಹಸುವಿಗೆ ಕಾಲುಬಾಯಿ ಜ್ವರ ಬಂದಾಗ ಹುಣ್ಣು ತೊಳೆಯಲು ತಂದ ಪೊಟ್ಟಣ. ದ್ರಾವಣವನ್ನು ಕ್ಷಾರೀಯ ಮಾಡಲು ಬಟ್ಟೆ ಸೋಡಾ ಇತ್ತು. ತುಪ್ಪ ಇತ್ತು. ಮುಕ್ಕಾದ ಕೊಬ್ಬರಿಯನ್ನು ಗಾಣಕ್ಕೆ ಕೊಟ್ಟು ಆಡಿಸಿದ ಎಣ್ಣೆಯಂತೂ ಡಬ್ಬದ ತುಂಬ ಇತ್ತು. ಹೆಂಡತಿಯಿಂದ ಎರಡು ಗಾಜಿನ ಲೋಟ ಕೇಳಿದೆ.

"ನೆಂಟ್ರಿಗೆ ಇಟ್ಟಿರೋವು ಕಣ್ರೀ ಅವು," ಅಂದಳು ಅವಳು.

"ವಿಜ್ಞಾನಕ್ಕೆ."

"ವಿಜ್ಞಾನ ಬಂದು ತೊಳ್ದಿಟ್ಟೋಗುತ್ತಾ?"

ಲೋಟ ಬಂದವು. ಎಣ್ಣೆ ಸುರಿಯಲು ಡಬ್ಬ ಬಗ್ಗಿಸಿದೆ. ಬೀಳಲಿಲ್ಲ. ಜನವರಿಯ ಚಳಿಗೆ ಒಳಗೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ಚಮಚದಲ್ಲಿ ಕೆರೆದು ತೆಗೆದೆ. ತುಪ್ಪವನ್ನೂ ಕೆರೆದು ತೆಗೆದೆ. ಎರಡನ್ನೂ ಎರಡು ಲೋಟಕ್ಕೆ ಹಾಕಿ, ಕರಗಲೆಂದು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟೆ. ಈ ಹೊತ್ತಿನಲ್ಲಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಪ್ರತಿ ಚಳಿಗಾಲವೂ ಬಿಸಿಲಿಗಿಟ್ಟು ಕರಗಿಸಿದ ಕೊಬ್ಬರಿ ಎಣ್ಣೆಯನ್ನು ತಲೆಗೆ ಹಚ್ಚಿಕೊಂಡು, ಶಾಲೆಗೆ ಹೋಗಿ, ಗಟ್ಟಿಯಾಗದ ಪದಾರ್ಥಕ್ಕೆ ಅದೇ ಎಣ್ಣೆಯನ್ನು ಉದಾಹರಣೆ ಕೊಟ್ಟು ಬಂದವನಿಗೆ ಅನುಮಾನ ಎಲ್ಲಿಂದ ಬರಬೇಕು.

ಎರಡೂ ಕರಗಿದವು. ಸೋಡಾ ಬೆರೆಸಿದ ನೇರಳೆ ನೀರನ್ನು ಎರಡಕ್ಕೂ ಸಮನಾಗಿ ಒಂದೊಂದು ಚಮಚ ಹಾಕಿದೆ. "ಈಗ ನೋಡು," ಎಂದು ಎಣ್ಣೆಯ ಲೋಟವನ್ನು ಎತ್ತಿ ಕಲಕಿದೆ. ನೇರಳೆ ಹಾಗೇ ಇತ್ತು. ಇನ್ನೂ ಕಲಕಿದೆ. ಹಾಗೇ ಇತ್ತು. ಅವಳು ತುಪ್ಪದ ಲೋಟವನ್ನು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿಯಲು ಹೋಗಿ, ನೆನಪಾಗಿ ಕೆಳಗಿಳಿಸಿ ಕಲಕಿದಳು. ಐದು ನಿಮಿಷಕ್ಕೆ ತುಪ್ಪದ ಲೋಟದಲ್ಲಿ ನೇರಳೆ ಮಾಸಿ ಕಂದು ಬಣ್ಣದ ಗಸಿ ಕಾಣಿಸಿಕೊಂಡಿತು. ನನ್ನ ಕೈಯಲ್ಲಿದ್ದ ಕೊಬ್ಬರಿ ಎಣ್ಣೆಯ ಲೋಟ ನೇರಳೆ ಹಣ್ಣಿನ ಪಾನಕದಂತೆ ಹೊಳೆಯುತ್ತಾ ಇತ್ತು.

"ಲೋಟ ಅದಲುಬದಲಾಗಿದೆ," ಅಂದೆ.

"ಇಲ್ಲ ಸಾ. ನಿಮ್ಮ ಕೈಯಾಗಿರೋದು ಎಣ್ಣೆನೇ. ಮೂಸಿ ನೋಡ್ರಿ."

ಮೂಸಿದೆ. ಎಣ್ಣೆಯೇ. ಪುಡಿ ಹಳೆಯದಾಗಿರಬೇಕು ಅಂದೆ. ಹಳೆಯ ಪುಡಿ ತುಪ್ಪಕ್ಕೆ ಹೇಗೆ ಕೆಲಸ ಮಾಡಿತು ಎಂದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು. ಅವಳು ಓದಿದ್ದು ಏಳನೇ ತರಗತಿ. ಮತ್ತೆ ಮಾಡಿದೆ. ಮತ್ತೆ ಹಾಗೇ ಆಯಿತು. ಮೂರನೇ ಸಲ ಸೋಡಾ ಜಾಸ್ತಿ ಹಾಕಿದೆ, ನಾಲ್ಕನೇ ಸಲ ಕಡಿಮೆ ಹಾಕಿದೆ. ನಾಲ್ಕು ಸಲವೂ ತುಪ್ಪವೇ ಮೊದಲು ಬಣ್ಣ ಕಳೆಯಿತು. ನಮ್ಮೆಣ್ಣೆ ಜಪ್ಪಯ್ಯ ಅನ್ನಲಿಲ್ಲ. ಲಿಂಗಪೂಜೆಯ ದೀಪಕ್ಕೆ ಹಾಕುವ ಎಣ್ಣೆ, ಬಾಣಂತಿಗೂ ಕೂಸಿಗೂ ಹಚ್ಚುವ ಎಣ್ಣೆ, ತುಪ್ಪವನ್ನೂ ದಾಟಿ ಪ್ರಾಣಿಕೊಬ್ಬಿನ ಪಂಕ್ತಿಯಲ್ಲಿ ಹೋಗಿ ಎಲೆ ಹಾಕಿಸಿಕೊಂಡು ಕೂತಿತ್ತು. ನಾನು ಲೋಟವನ್ನು ಮೈಮೇಲೇ ಚೆಲ್ಲಿಕೊಂಡೆ. ಇದು ಉತ್ಪ್ರೇಕ್ಷೆಯಲ್ಲ, ಚೆಲ್ಲಿದ ಗುರುತು ಪಂಚೆಯ ಮೇಲೆ ಇವತ್ತಿಗೂ ಕಂದಾಗಿ ಇದೆ.

ಚಿಕ್ಕನಾಯಕನಹಳ್ಳಿ ಕಡೆ ವಿಜ್ಞಾನ ಹೇಳುವ ಒಬ್ಬ ಮೇಷ್ಟ್ರು, ನನಗಿಂತ ಮೂವತ್ತು ವರ್ಷ ಚಿಕ್ಕವರು, ನನ್ನ ಕೆಳಗೆ ಕೆಲಸ ಕಲಿತವರು, ಅವರಿಗೆ ಫೋನು ಮಾಡಿದೆ. ಗಂಭೀರವಾದ ಸಂಗತಿಯೊಂದು ನನ್ನ ಗಮನಕ್ಕೆ ಬಂದಿದೆ, ಮೊದಲು ಕೂತುಕೊಳ್ಳಿ ಅಂದೆ.

"ಹೇಳಿ ಸಾರ್."

"ಕೊಬ್ಬರಿ ಎಣ್ಣೆ ಪರ್ಯಾಪ್ತ ಕಣ್ರೀ."

"ಹೌದು ಸಾರ್."

"ಹೌದು ಅಂದ್ರೆ?"

"ಬಹುಪಾಲು ಪರ್ಯಾಪ್ತವೇ ಅಲ್ವಾ ಸಾರ್. ಎಲ್ಲರಿಗೂ ಗೊತ್ತಿರೋದೇ. ನಮ್ಮಮ್ಮಂಗೆ ಹಾರ್ಟ್ ಡಾಕ್ಟ್ರು ಅದ್ಕೇ ಬ್ಯಾಡ ಅಂದಿದ್ರಲ್ಲ. ಏನ್ಸಾರ್, ಆರೋಗ್ಯ ಹೆಂಗಿದೆ?"

ಚೆನ್ನಾಗಿದೆ ಎಂದು ಸುಳ್ಳು ಹೇಳಿ ಇಟ್ಟೆ. ಎಲ್ಲರಿಗೂ ಗೊತ್ತಿದ್ದ ಸಂಗತಿ ತೆಂಗಿನ ಸೀಮೆಯ ನಟ್ಟನಡುವೆ ಕೂತಿದ್ದ ನನಗೊಬ್ಬನಿಗೆ ಗೊತ್ತಿರಲಿಲ್ಲ. ನನ್ನಿಂದ ಕಲಿತ ಮೂವತ್ತೊಂದು ತಂಡಗಳಿಗೆ ಗೊತ್ತಿರಲಿಲ್ಲ. ಅವರಲ್ಲಿ ಇಬ್ಬರು ಡಾಕ್ಟರು.

ಮಾರನೆಯ ಮಧ್ಯಾಹ್ನ ಅವಳು ಬಂದಳು. ನಾನು ಪುಸ್ತಕ ತೆರೆಯಲಿಲ್ಲ. ಅವಳು ಚಿಪ್ಪು ಒಡೆಯುತ್ತಾ ಕೂತಳು. ತಲೆ ಎತ್ತದೆ, ಹವಾಮಾನದ ಸುದ್ದಿ ಹೇಳುವವಳಂತೆ ಹೇಳಿದಳು:

"ಆವತ್ತೂ ನಾನು ಇದ್ನೇ ಕೇಳಿದ್ದು ಸಾ. ನಿಮಗೆ ಗ್ಯಾನ ಇಲ್ವೇನೋ."

"ಯಾವತ್ತು?"

"ಹತ್ನೇ ಕ್ಲಾಸಲ್ಲಿ. ಎಣ್ಣೆ ಗಟ್ಟಿ ಆಗಲ್ಲ ಅಂದ್ರಿ. ಚಳೀಲಿ ನಮ್ಮೆಣ್ಣೆ ತುಪ್ಪದಂಗೆ ಗಟ್ಟಿ ಆಯ್ತದಲ್ಲ ಸಾ ಅಂದೆ. ನೀವು, ಹಂಗಾದ್ರೆ ನಿಮ್ಮನೇಲಿ ಅನ್ನಕ್ಕೆ ಕೊಬ್ಬರಿ ಎಣ್ಣೆ ಹಾಕ್ಕೊಂಡು ತಲೆಗೆ ತುಪ್ಪ ಹಚ್ಕೋತೀರೇನಮ್ಮ ಅಂದ್ರಿ. ಎಲ್ಲಾ ನಕ್ರು."

ಆ ಮಾತು ನನ್ನದೇ. ಆ ದಿನ ನೆನಪಿಲ್ಲದಿದ್ದರೂ ಮಾತಿನ ವರಸೆ ಗುರುತು ಹತ್ತಿತು. ಅದನ್ನು ನಾನು ಒಂದೇ ವರ್ಷ ಬಳಸಿರಲಾರೆ.

"ಆಮೇಲೆ?"

"ಆಮೇಕೇನು. ಆವತ್ತಿಂದ ನಿಮ್ಮ ಪಾಠದಾಗೆ ನಾನು ಏನೂ ಕೇಳ್ನಿಲ್ಲ." ಒಂದು ಉಂಡೆಯನ್ನು ಮುಕ್ಕಾಗದಂತೆ ಬಿಡಿಸಿ ಬುಟ್ಟಿಗೆ ಹಾಕಿದಳು. "ಕೇಳ್ದಿದ್ರೆ ನಂಗೆ ಏನೂ ಹತ್ತಲ್ಲ ಸಾ. ಹಂಗೇ ಹೋಯ್ತು ಅದು."

ಒಳಗಿನಿಂದ ಪಾತ್ರೆಯ ಸದ್ದು ನಿಂತಿದ್ದು ಕೇಳಿಸಿತು. ಹೆಂಡತಿ ಎರಡು ಲೋಟ ಕಾಫಿ ತಂದು, ಮೊದಲನೆಯದನ್ನು ಅವಳಿಗೆ ಕೊಟ್ಟು, ನನ್ನ ಕಡೆ ನೋಡದೆ ಎರಡನೆಯದನ್ನು ಕಟ್ಟೆಯ ಮೇಲೆ ಇಟ್ಟು ಹೋದಳು.

ಆಮೇಲೆ ನಾವು ಪುಸ್ತಕದ ಆ ಪುಟವನ್ನು ಒಟ್ಟಿಗೆ ಓದಿದೆವು. ತಪ್ಪು ಪುಸ್ತಕದ್ದಾಗಿದ್ದರೆ ಒಂದು ಪತ್ರ ಬರೆದು ಹಗುರಾಗಬಹುದಿತ್ತು. ಪುಸ್ತಕದಲ್ಲಿ ತಪ್ಪಿರಲಿಲ್ಲ. ಸಸ್ಯಜನ್ಯ ಎಣ್ಣೆಗಳು ಸಾಮಾನ್ಯವಾಗಿ ಅಪರ್ಯಾಪ್ತ ಎಂಬ ಅರ್ಥದಲ್ಲೇ ಇತ್ತು. "ಎಲ್ಲಾನೂ ಅಂತ ಎಲ್ಲೂ ಇಲ್ವಲ್ಲ ಸಾ," ಎಂದು ಅವಳು ಬೆರಳಿಟ್ಟು ತೋರಿಸಿದಳು. ಕೊಬ್ಬರಿ ಎಣ್ಣೆಯ ಸುದ್ದಿಯೇ ಅಲ್ಲಿರಲಿಲ್ಲ. ಅದನ್ನು ತಂದು ಸೇರಿಸಿದವನು ನಾನು, ಊರಿನ ಮೇಲಿನ ಅಭಿಮಾನದಿಂದ.

ಈಗ ಹೊಸ ಭಯ ಶುರುವಾಯಿತು. ಮಾದರಿ ಪ್ರಶ್ನೆಪತ್ರಿಕೆಗಳಲ್ಲಿ ಈ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿತ್ತು: ಬೆಣ್ಣೆ ಮತ್ತು ಅಡುಗೆ ಎಣ್ಣೆಯನ್ನು ರಾಸಾಯನಿಕವಾಗಿ ಹೇಗೆ ಗುರುತಿಸುವಿರಿ? ಅಲ್ಲಿ ಬೇಕಾದ ಉತ್ತರ ಎಣ್ಣೆ ಬಣ್ಣ ಕಳೆಯುತ್ತದೆ ಎಂಬುದೇ. ಇವಳು ಕಣ್ಣಾರೆ ಕಂಡಿದ್ದು ಬೇರೆ, ಅದೂ ನಾಲ್ಕು ಸಲ. ಕಂಡಿದ್ದನ್ನೇ ಬರೆದು ಬಂದರೆ ಎರಡನೇ ಸಲವೂ ನನ್ನಿಂದಲೇ ಕೆಟ್ಟಂತಾಗುತ್ತದೆ.

"ನೋಡಮ್ಮ, ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವಂತೆ ಬರಿ. ನಮ್ಮನೆ ಲೋಟದ ವಿಷಯ ಬೇಡ."

"ಸುಳ್ಳು ಬರೀಬೇಕಾ ಸಾ?"

ಅವಳೇ ಮರುದಿನ ಅಂಗಡಿಯಿಂದ ಒಂದು ಸಣ್ಣ ಸೀಸೆಯಲ್ಲಿ ಕಡಲೆಕಾಯಿ ಎಣ್ಣೆ ತಂದಳು. ನೆಂಟರ ಲೋಟ ಮತ್ತೆ ಹೊರಬಂದವು. ಕಡಲೆಕಾಯಿ ಎಣ್ಣೆಗೆ ನೇರಳೆ ನೀರು ಬಿದ್ದು, ಕಲಕಿದ ಸ್ವಲ್ಪ ಹೊತ್ತಿಗೇ ಬಣ್ಣ ಹೋಯಿತು. ತುಪ್ಪದ ಲೋಟದಲ್ಲಿ ಇನ್ನೂ ಇತ್ತು. ಮೂವತ್ತೊಂದು ವರ್ಷ ಸೀಮೆಸುಣ್ಣದಲ್ಲಿ ಬರೆದದ್ದು ಮೊದಲ ಬಾರಿಗೆ ಕಣ್ಣೆದುರು ನಡೆದಾಗ ನಾನು ಎದ್ದು ನಿಂತಿದ್ದೆ ಎಂದು ಹೆಂಡತಿ ಆಮೇಲೆ ಹೇಳಿದಳು.

"ಕಡ್ಲೆಕಾಯ್ ಎಣ್ಣೆ ಅಂತ ಬರೀತೀನಿ ಬುಡಿ," ಅಂದಳು ಅವಳು. "ಸುಳ್ಳೂ ಆಗಲ್ಲ, ನಂಬರೂ ಹೋಗಲ್ಲ."

ಪರೀಕ್ಷೆ ತುರುವೇಕೆರೆಯಲ್ಲಿ. ವಿಜ್ಞಾನದ ದಿನ ನಾನೂ ಬಸ್ಸು ಹತ್ತಿದೆ. ಔಷಧಿ ತರುವುದಿದೆ ಎಂದು ಹೇಳಿಕೊಂಡಿದ್ದೆ. ಹದಿನಾರು ವರ್ಷದ ಮಕ್ಕಳ ಸಾಲಿನಲ್ಲಿ ಅವಳು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಒಬ್ಬ ಹುಡುಗಿ ಅವಳನ್ನು ಮೇಲ್ವಿಚಾರಕಿ ಎಂದುಕೊಂಡು ನಮಸ್ಕಾರ ಮಾಡಿದಳು. ನಾನು ಎದುರಿನ ಹೊಂಗೆ ಮರದ ಕೆಳಗೆ ಮೂರು ಗಂಟೆಗೂ ಮೇಲೆ ನಿಂತೆ. ಔಷಧಿ ಅಂಗಡಿ ಪಕ್ಕದಲ್ಲೇ ಇತ್ತು, ಹೋಗಲಿಲ್ಲ.

ಹೊರಗೆ ಬಂದಾಗ ಅವಳ ಮುಖದಲ್ಲಿ ಏನೂ ಓದಲಾಗಲಿಲ್ಲ.

"ಎಣ್ಣೆ ಬಂದಿತ್ತಾ?"

"ಬಂದಿತ್ತು ಸಾ."

"ಬರೆದೆಯಾ?"

"ಬರ್ದೆ. ಕಡ್ಲೆಕಾಯ್ ಎಣ್ಣೆ ಅಂತ್ಲೇ ಬರ್ದೆ, ಬಣ್ಣ ಹೋಗೋದು, ದ್ವಿಬಂಧ, ಎಲ್ಲಾ." ನಾನು ಉಸಿರು ಬಿಟ್ಟೆ. ಅವಳು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ಮುಂದುವರಿಸಿದಳು. "ಕೆಳಗೆ ಒಂದು ಸಾಲು ಜಾಗ ಇತ್ತು. ಕೊಬ್ಬರಿ ಎಣ್ಣೆಗೆ ಇದು ನಡೆಯಲ್ಲ, ನಾಲ್ಕು ಸಲ ಮಾಡಿ ನೋಡೀವಿ ಅಂತಾನೂ ಬರ್ದೆ."

ನಾನು ಮರಕ್ಕೆ ಒರಗಿದೆ. "ಯಾಕಮ್ಮ?"

"ತಿದ್ದೋರೂ ನಮ್ಮ ಕಡೆಯೋರೇ ಆಗಿದ್ರೆ ಸಾ? ಅವ್ರಿಗೂ ಗೊತ್ತಾಗ್ಲಿ."

ಅದೇ ನನ್ನ ಭಯವಾಗಿತ್ತು. ತಿದ್ದುವವರು ನಮ್ಮ ಕಡೆಯವರಾಗಿದ್ದರೆ, ನನ್ನಂಥವರಾಗಿದ್ದರೆ, ಆ ಸಾಲಿನ ಮೇಲೆ ಒಂದು ಕೆಂಪು ಗೆರೆ ಬೀಳುತ್ತದೆ. ಗೆರೆ ಹಾಕುವ ಕೈಯ ವೇಗ ನನಗೆ ಚೆನ್ನಾಗಿ ಗೊತ್ತು. ಅದು ಒಮ್ಮೊಮ್ಮೆ ಒಂದು ಸಾಲಿಗೆ ನಿಲ್ಲದೆ ಇಡೀ ಉತ್ತರದ ಮೇಲೆ ಹಾದುಹೋಗುತ್ತದೆ. ಬಸ್ಸಿನಲ್ಲಿ ಬರುವಾಗ ಮಿಕ್ಕ ಉತ್ತರಗಳನ್ನೆಲ್ಲ ಒಂದೊಂದಾಗಿ ಕೇಳಿ, ಕೈಬೆರಳಲ್ಲಿ ಕೂಡಿ ನೋಡಿದೆ. ಪಾಸಿಗೆ ಬೇಕಾದ ಮೂವತ್ತೈದರ ಆಸುಪಾಸಿನಲ್ಲಿ ಮೂರು ಸಲ ಮೂರು ಥರ ಬಂತು. ಅವಳು ಕಿಟಕಿಗೆ ತಲೆಯಿಟ್ಟು ನಿದ್ದೆಹೋದಳು.

ಫಲಿತಾಂಶ ಬರುವವರೆಗೆ ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಹೆಂಡತಿ ಮಾತ್ರ ಒಂದು ದಿನ ಒಗ್ಗರಣೆಗೆ ಎಣ್ಣೆ ಹಾಕುತ್ತಾ, "ಇದು ಯಾವ ಜಾತಿಗೆ ಸೇರಿದ್ದು, ಈಗಲಾದ್ರೂ ಖಾತ್ರಿಯಾಯ್ತಾ?" ಎಂದು ಕೇಳಿದಳು. ನಾನು ಪೇಪರ್ ಓದುತ್ತಿದ್ದೆ.

ವಿಜ್ಞಾನದಲ್ಲಿ ಅವಳಿಗೆ ನಲವತ್ತೆರಡು ಅಂಕ ಬಂತು. ಜುಲೈನಿಂದ ಅವಳು ನಮ್ಮೂರ ಅಂಗನವಾಡಿಯ ಸಹಾಯಕಿ.